ಉರಾಬಿ ಸೋತದ್ದಕ್ಕೆ ಐದು ಕಾರಣ

ಫೆಬ್ರವರಿ 11, ಭಾನುವಾರ

ಗಂಟಲಿನ ವೈದ್ಯರು ನನ್ನ ಬಾಯಿಗೆ ನಾಲ್ಕು ವಾರದ ಬೀಗ ಹಾಕಿದ್ದಾರೆ. ಸ್ವರತಂತುಗಳ ಮೇಲೆ ಗಂಟು ಎದ್ದಿದೆಯಂತೆ. ಒಂದಲ್ಲ, ಎರಡು, ಎದುರುಬದುರಾಗಿ, ಜಗಳಕ್ಕೆ ನಿಂತ ನೆರೆಹೊರೆಯವರ ಹಾಗೆ. ಪಿಸುಮಾತೂ ಕೂಡದು, ಅದು ಕೂಗಿಗಿಂತ ಕೆಟ್ಟದ್ದು ಎಂದರು. ಮಾರ್ಚ್ 10ರೊಳಗೆ ಬಾಯಿ ಬಿಟ್ಟರೆ ಶಸ್ತ್ರಚಿಕಿತ್ಸೆಯೇ ಗತಿ, ಆಮೇಲೆ ಯಾವ ಸ್ವರ ಉಳಿಯುತ್ತದೋ ತಾನು ಹೇಳಲಾರೆ ಎಂದೂ ಸೇರಿಸಿದರು.

ಇಪ್ಪತ್ತೆರಡು ವರ್ಷ ಈ ಗಂಟಲಿನಲ್ಲೇ ಬದುಕಿದವಳು ನಾನು. ಝಿಫ್ತಾದ ಸಂತೆಯಲ್ಲಿ, ಅಮ್ಮನ ಈರುಳ್ಳಿ ರಾಶಿಯ ಪಕ್ಕ ನಿಂತು, ಏಳನೆಯ ವಯಸ್ಸಿನಲ್ಲಿ ಕೂಗಲು ಕಲಿತೆ. ಇತಿಹಾಸವನ್ನು ಕಾಲೇಜು ಕಲಿಸಿತು, ದಾರಿಯಲ್ಲಿ ಹೋಗುವವರನ್ನು ತಿರುಗಿ ನೋಡುವಂತೆ ಮಾಡುವುದನ್ನು ಈರುಳ್ಳಿ ಕಲಿಸಿತು. ನಲವತ್ತೈದು ನಿಮಿಷದ ಪಿರಿಯಡ್ಡಿನಲ್ಲಿ ನಾನು ನಲವತ್ತೊಂದು ನಿಮಿಷ ಮಾತಾಡುತ್ತೇನೆ. ಉಳಿದ ನಾಲ್ಕು ಹಾಜರಿಗೆ. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ.

ಮುಖ್ಯೋಪಾಧ್ಯಾಯಿನಿ ಮೇಡಂ ಇಗ್ಲಾಲ್ ರಜೆ ಕೊಡಲಿಲ್ಲ. ಸಮಾಜ ಪಾಠಕ್ಕೆ ಬೇರೆ ಯಾರಿದ್ದಾರೆ ಎಂದರು. ಮಾರ್ಚ್ 6ಕ್ಕೆ ತಾಂತಾದಿಂದ ಪರಿವೀಕ್ಷಕರು ಬರುತ್ತಾರೆ, ನೋಡುವುದು ನನ್ನ ಮೂರನೇ ಇದಾದಿಯನ್ನೇ, ಅಂದರೆ ಒಂಬತ್ತನೇ ತರಗತಿಯನ್ನೇ, ಸರ್ಕಾರಿ ಪರೀಕ್ಷೆಗೆ ಕೂರುವ ಹುಡುಗಿಯರನ್ನೇ. "ಆವತ್ತು ತರಗತಿ ಗೋರಿಸ್ಥಾನದ ಥರ ಕೂತಿದ್ರೆ, ತಹಾನಿ, ನಿನ್ನನ್ನ ದಾಖಲೆ ಕೋಣೆಗೆ ಹಾಕ್ತಾರೆ. ನಿವೃತ್ತಿವರೆಗೂ ಇಲಿಗಳಿಗೆ ಪಾಠ ಹೇಳ್ಕೊಂಡಿರು," ಎಂದರು. ಒಳ್ಳೆಯ ಹೆಂಗಸು, ಸುಳ್ಳು ಹೇಳುವವರಲ್ಲ.

ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಇದ್ದಿದ್ದರೂ ಹೇಳುವಂತಿರಲಿಲ್ಲ. ಆದ್ದರಿಂದ ಈ ಪುಸ್ತಕ.

ಫೆಬ್ರವರಿ 12, ಸೋಮವಾರ

ಕೊರಳಿಗೆ ಸ್ಲೇಟು ನೇತುಹಾಕಿಕೊಂಡು ಶಾಲೆಗೆ ಹೋದೆ. ಶಿಕ್ಷಕಿಯರ ಕೋಣೆಯಲ್ಲಿ ಏಳು ಜನ ಸೀಬೆ ಎಲೆ ಕಷಾಯ ಕುಡಿಯಲು ಹೇಳಿದರು, ಮೂವರು ಕಣ್ಣು ತಾಕಿದೆ ಎಂದರು. ಕಣ್ಣು ಹಾಕಿದವರೂ ಆ ಹತ್ತರಲ್ಲೇ ಇರಬೇಕು.

ತರಗತಿಯಲ್ಲಿ ಮೂವತ್ತಾರು ಹುಡುಗಿಯರು. ಬೋರ್ಡಿನ ಮೇಲೆ ಪಾಠ ಬರೆದೆ. ಬೆನ್ನು ತಿರುಗಿಸಿದ ಒಂದೇ ನಿಮಿಷದಲ್ಲಿ ಹಿಂದೆ ಮದುವೆ ಮನೆ. ಮೇಜು ಕುಟ್ಟಿದೆ, ತಿರುಗಿ ನೋಡಿದರು. ಕುಟ್ಟುವುದು ನಿಲ್ಲಿಸಿದೆ, ಮದುವೆ ಮುಂದುವರಿಯಿತು. ಈ ಗಂಟಲು ತೆಗೆದರೆ ನಾನು ಬರೇ ಒಂದು ಕೋಟು ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಮಾಹಿತಾಬ್ ಕಿಟಕಿಯಿಂದ ಎಲ್ಲ ನೋಡಿದಳು. ಪಿರಿಯಡ್ ಲೆಕ್ಕದ ಮೇಲೆ ಬರುವ ಹೊಸ ಶಿಕ್ಷಕಿ ಅವಳು; ವಯಸ್ಸು ಇಪ್ಪತ್ನಾಲ್ಕು, ಚೀಲದ ತುಂಬ ತರಬೇತಿಯ ಪ್ರಮಾಣಪತ್ರ. ಹೋದ ವರ್ಷ ಅವಳು ಗುಂಪಿನ ಕಲಿಕೆ ಎಂದಾಗ ಇಡೀ ಕೋಣೆಯನ್ನು ನಗಿಸಿದವಳು ನಾನೇ. ಇವತ್ತು ಬಂದು ಪಕ್ಕದಲ್ಲಿ ಕುಳಿತು, ಹುಡುಗಿಯರು ಶಿಕ್ಷಕಿಯನ್ನು ಕರೆಯುವ ಹಾಗೆ, "ಅಬ್ಲಾ, ಈಗ ನಗೋಕೂ ಆಗಲ್ಲ ನಿಮಗೆ, ಒಂದ್ಸಲ ಕೇಳಿ," ಎಂದಳು.

ಕೇಳಿದೆ. ಪಾಠವನ್ನು ನಾಲ್ಕು ಚೂರು ಮಾಡಬೇಕು. ನಾಲ್ವರ ಗುಂಪಿನಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಚೂರು. ಅದೇ ಚೂರು ಸಿಕ್ಕಿದ ಬೇರೆ ಗುಂಪಿನವರ ಜೊತೆ ಕೂತು ಅದನ್ನು ಅರೆದು ಕುಡಿದು, ತನ್ನ ಗುಂಪಿಗೆ ಮರಳಿ ಉಳಿದ ಮೂವರಿಗೆ ಅವಳೇ ಕಲಿಸಬೇಕು. ಅವಳು ಹೇಳದಿದ್ದರೆ ಆ ಚೂರು ಯಾರಿಗೂ ಇಲ್ಲ. ಶಿಕ್ಷಕಿ ಏನು ಮಾಡಬೇಕು ಎಂದು ಸ್ಲೇಟಿನಲ್ಲಿ ಬರೆದೆ. "ಓಡಾಡ್ಕೊಂಡಿರೋದು," ಎಂದಳು.

ಇನ್ನೂ ಒಂದು ಮಾತು ಹೇಳಿದಳು: ಒಂದರಿಂದ ಮೂವತ್ತಾರರವರೆಗೆ ಹೆಸರು ಹಾಕುವ ನನ್ನ ಗೌರವ ಫಲಕವನ್ನು ಗೋಡೆಯಿಂದ ಇಳಿಸಿ, ಗುಂಪಿಗೂ ಅಂಕ ಕೊಡಬೇಕು. ಅದಕ್ಕೆ ತಲೆಯಾಡಿಸಲಿಲ್ಲ. ಆ ಫಲಕಕ್ಕೆ ಹದಿನಾರು ವರ್ಷ.

ಫೆಬ್ರವರಿ 14, ಬುಧವಾರ

ಒಂಬತ್ತು ಗುಂಪು. ಪ್ರತಿ ಗುಂಪಿಗೂ ಮುಂದಿನ ಬೆಂಚಿನ ಒಬ್ಬಳು, ಹಿಂದಿನ ಬೆಂಚಿನ ಒಬ್ಬಳು. ನನ್ನ ತರಗತಿ ಟಿಪ್ಪಣಿಯನ್ನೇ ಕತ್ತರಿಸಿ ಚೂರು ಮಾಡಿದೆ. ಪಾಠ, ದೊರೆಯ ಮೇಲೂ ಇಂಗ್ಲಿಷರ ಮೇಲೂ ನಮ್ಮ ಸೇನಾಧಿಕಾರಿ ಉರಾಬಿ ಎದ್ದ ದಂಗೆ.

ನಡೆದದ್ದು ಇಷ್ಟು: ಮೂವತ್ತಾರು ಹುಡುಗಿಯರೂ ಎಡಗೈಯನ್ನು ಕೋಟೆಯ ಹಾಗೆ ಮಡಚಿ, ತಮ್ಮ ಚೂರನ್ನು ತಮ್ಮ ಗುಂಪಿನವರಿಗೇ ಕಾಣದಂತೆ ಮುಚ್ಚಿಕೊಂಡು ಕುಳಿತರು. ಒಬ್ಬಳು ತುಟಿ ಅಲ್ಲಾಡಿಸದೆ ಪಕ್ಕದವಳಿಗೆ ಏನೋ ಹೇಳಿ ನನ್ನತ್ತ ಹೆದರಿ ನೋಡಿದಳು. ಅವರ ತಪ್ಪಲ್ಲ. ಒಂದನೇ ತರಗತಿಯಿಂದ ಕತ್ತು ತಿರುಗಿಸಿದರೆ ನಕಲು ಎಂದು ಬೈಸಿಕೊಂಡವರು. ಬೈದವರಲ್ಲಿ ನಾನೇ ಮೊದಲಿಗಳು. 'ಮಾತಾಡಿ' ಎಂದು ಬೋರ್ಡಿನಲ್ಲಿ ಬರೆದೆ. ಇದು ಬಲೆ ಇರಬೇಕೆಂದು ಇನ್ನಷ್ಟು ಗಟ್ಟಿಯಾಗಿ ಮುಚ್ಚಿಕೊಂಡರು.

ಫೆಬ್ರವರಿ 18, ಭಾನುವಾರ

ಸಬ್ರೀನ್ ಮಾತಾಡಿದಳು.

ಹಿಂದಿನ ಬೆಂಚಿನ ಹುಡುಗಿ. ತಂದೆ ನದಿಯಾಚೆ ಮೀತ್ ಗಮ್ರ್‌ಗೆ ಹೋಗುವ ಮೈಕ್ರೋಬಸ್ ಓಡಿಸುತ್ತಾನೆ ಎಂದು ಹಾಜರಿ ಪುಸ್ತಕ ಹೇಳುತ್ತದೆ. ಒಂದೂವರೆ ವರ್ಷದಲ್ಲಿ ಇವಳ ಬಾಯಿಂದ 'ಹಾಜರ್' ಬಿಟ್ಟು ಬೇರೆ ಶಬ್ದ ಕೇಳಿರಲಿಲ್ಲ. ಇವತ್ತು ನಾಲ್ಕನೇ ಗುಂಪಿಗೆ ದೊರೆ ಖೆದಿವ್ ತೌಫೀಕ್ ಹೇಗೆ ಇಂಗ್ಲಿಷರ ಹಡಗಿನ ಆಸರೆ ಹಿಡಿದ ಎಂದು ಹೇಳುತ್ತಿದ್ದಳು. "ನಮ್ಮ ನಿಲ್ದಾಣದಲ್ಲಿ ಜಗಳ ಆದಾಗ ಸಾಲಿನ ಯಜಮಾನ ಹೋಗಿ ಪೊಲೀಸ್ ಬೂತಲ್ಲಿ ಕೂತ್ಕೋತಾನಲ್ಲ, ಹಂಗೇ. ಆಮೇಲೆ ಪೊಲೀಸ್ನೋರು ಹೇಳಿದ್ದಕ್ಕೆಲ್ಲ ಹೂಂ ಅನ್ಬೇಕು," ಎಂದಳು. ಉಳಿದ ಮೂವರು ನಕ್ಕರು, ಬರೆದುಕೊಂಡರು.

ಇಪ್ಪತ್ತೆರಡು ವರ್ಷ ತೌಫೀಕನನ್ನು ಕಲಿಸಿದ್ದೇನೆ. ಇಷ್ಟು ಚೆನ್ನಾಗಿ ನನಗೇ ಅರ್ಥವಾಗಿರಲಿಲ್ಲ. ಸಂತೋಷವೆಂದೇನೂ ಅಲ್ಲ, ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು.

ಆ ಗುಂಪಿನಲ್ಲೇ ರೊಫೈದಾ ಇದ್ದಾಳೆ. ಎರಡು ವರ್ಷದಿಂದ ಫಲಕದ ಮೊದಲ ಹೆಸರು. ಅವಳೊಬ್ಬಳು ನಗಲಿಲ್ಲ.

ಫೆಬ್ರವರಿ 20, ಮಂಗಳವಾರ

ದುಡ್ಡು ಕೊಟ್ಟು ನನ್ನ ಮನೆಪಾಠಕ್ಕೆ ಬರುವ, ಇದೇ ತರಗತಿಯ ಹದಿನೇಳು ಹುಡುಗಿಯರಿಗೆ ಮಾತಿಲ್ಲದೆ ಹಾಳೆ ಹಂಚಿ ಕಳಿಸಿದೆ. ರೊಫೈದಾ ಹಾಳೆಯನ್ನು ನಾಲ್ಕಾಗಿ ಮಡಚಿ ಒಳಜೇಬಿಗೆ ಹಾಕಿಕೊಂಡಳು. ಸೀಬೆ ಎಲೆಯಿಂದ ಏನೂ ಪ್ರಯೋಜನವಿಲ್ಲ.

ಫೆಬ್ರವರಿ 27, ಮಂಗಳವಾರ

ತರಗತಿಯಲ್ಲಿ ಹತ್ತು ಅಂಕದ ಪರೀಕ್ಷೆ ಮಾಡಿ ಉತ್ತರ ಪತ್ರಿಕೆ ಮನೆಗೆ ತಂದೆ. ಮೊದಲು ಒಳ್ಳೆಯದನ್ನು ಬರೆಯುತ್ತೇನೆ: ಹೋದ ತಿಂಗಳು ನಾನು ಬಾಯಿಬಿಟ್ಟು ಕಲಿಸಿದ ಪಾಠದಲ್ಲಿ ಐದು ದಾಟದವರು ಹದಿನಾಲ್ಕು. ಈ ಸಲ ಐದು. ನಂಬದೆ ಮತ್ತೆ ಎಣಿಸಿದೆ. ಐದೇ.

ಈಗ ಕೆಟ್ಟದ್ದು. ಇಂಗ್ಲಿಷರು ಉರಾಬಿಯ ಸೈನ್ಯವನ್ನು ಎಲ್ಲಿ ಮುರಿದರು ಎಂಬ ಪ್ರಶ್ನೆಗೆ ಉತ್ತರ ತೆಲ್ ಅಲ್-ಕಬೀರ್. ಕಫ್ರ್ ಅಲ್-ದವ್ವಾರ್‌ನಲ್ಲಿ ನಮ್ಮವರು ಅವರನ್ನು ತಡೆದು ನಿಲ್ಲಿಸಿದ್ದರು. ಮೂವರು ಹುಡುಗಿಯರು ಅದನ್ನೇ ತಲೆಕೆಳಗಾಗಿ, ಕಫ್ರ್ ಅಲ್-ದವ್ವಾರ್‌ನಲ್ಲಿ ಸೋತೆವು ಎಂದು ಬರೆದಿದ್ದಾರೆ. ಮೂರರಲ್ಲೂ ಅದೇ ವಾಕ್ಯ. ಮೂವತ್ತಾರರಲ್ಲಿ ಬೇರೆ ಯಾರೂ ಈ ತಪ್ಪು ಮಾಡಿಲ್ಲ. ಮೂವರೂ ನಾಲ್ಕನೇ ಗುಂಪು.

ಯುದ್ಧದ ಚೂರು ಆ ಗುಂಪಿನಲ್ಲಿ ಇದ್ದದ್ದು ರೊಫೈದಾಳ ಕೈಯಲ್ಲಿ. ಅವಳ ಪತ್ರಿಕೆಯನ್ನು ಕೊನೆಗೆ ತೆಗೆದೆ. ತೆಗೆಯುವ ಮೊದಲೇ ಗೊತ್ತಿತ್ತು. ತೆಲ್ ಅಲ್-ಕಬೀರ್, 13 ಸೆಪ್ಟೆಂಬರ್ 1882. ಅಚ್ಚುಕಟ್ಟಾಗಿ, ಕೆಳಗೆ ಗೆರೆ ಎಳೆದು. ಹತ್ತಕ್ಕೆ ಹತ್ತು.

ಫೆಬ್ರವರಿ 28, ಬುಧವಾರ

ಕೊನೆಯ ಗಂಟೆಯಾದ ಮೇಲೆ ರೊಫೈದಾಳನ್ನು ನಿಲ್ಲಿಸಿಕೊಂಡೆ. ನಾಲ್ಕು ಪತ್ರಿಕೆಯನ್ನೂ ಮೇಜಿನ ಮೇಲೆ ಹರಡಿ, ಸ್ಲೇಟಿನಲ್ಲಿ 'ಏಕೆ?' ಎಂದು ಬರೆದೆ. ಅಳುತ್ತಾಳೆ, ಆಣೆ ಹಾಕುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ತಯಾರಾಗಿದ್ದೆ.

ಅವಳು ಪತ್ರಿಕೆಗಳನ್ನು ನೋಡಿದಳು. ಆಮೇಲೆ ಚೀಲದಿಂದ ತರಗತಿಯ ನೋಟ್‌ಬುಕ್ ತೆಗೆದು ಒಂದು ಪುಟ ಬಿಡಿಸಿದಳು, ಒಳಜೇಬಿನಿಂದ ಮನೆಪಾಠದ ಹಾಳೆ ತೆಗೆದು ಪಕ್ಕದಲ್ಲಿಟ್ಟಳು. ಎರಡೂ ನನ್ನ ಮಾತುಗಳೇ. ಉರಾಬಿ ಸೋತದ್ದೇಕೆ ಎಂಬುದಕ್ಕೆ ನೋಟ್‌ಬುಕ್ಕಿನಲ್ಲಿ ಮೂರು ಕಾರಣ. ಹಾಳೆಯಲ್ಲಿ ಐದು.

"ನೀವೂ ಹಿಂಗೇ ತಾನೆ ಅಬ್ಲಾ ಮಾಡೋದು," ಎಂದಳು. ಕೊಬ್ಬಿನಿಂದಲ್ಲ, ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ಕೇಳುವ ಹುಡುಗಿಯ ಹಾಗೆ. "ಎಲ್ಲರಿಗೂ ಎಲ್ಲ ಹೇಳಿದ್ರೆ ಮನೆಗೆ ಯಾರು ಬರ್ತಾರೆ ಅಂತ ನಮ್ಮಮ್ಮ ಹೇಳ್ತಾರೆ. ಹಂಗೇನೆ, ಎಲ್ಲರಿಗೂ ಎಲ್ಲ ಹೇಳಿದ್ರೆ ಫಲಕದಲ್ಲಿ ನಾನು ಮೊದಲು ಹೆಂಗಿರ್ತೀನಿ?"

ಮಾತಿಗೆ ಮಾತು ಕೊಡುವುದರಲ್ಲಿ ಸಂತೆಯಲ್ಲಿ ನನ್ನನ್ನು ಗೆದ್ದವರಿಲ್ಲ. ಸ್ಲೇಟು ಕೈಯಲ್ಲಿತ್ತು, ಬಳಪವಿತ್ತು. ಬರೆದಿದ್ದ 'ಏಕೆ?'ಯನ್ನು ಒರೆಸಿದೆ. ಬಾಯಿ ಇದ್ದಿದ್ದರೂ ಇಷ್ಟೇ ಆಗುತ್ತಿತ್ತು. ಅವಳು ಎರಡನ್ನೂ ಮಡಚಿಕೊಂಡು, ಸಲಾಂ ಹೇಳಿ, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದಳು. ಶಿಸ್ತಿನ ಹುಡುಗಿ. ನಾನೇ ತಿದ್ದಿ ಬೆಳೆಸಿದವಳು.

ಫೆಬ್ರವರಿ 29, ಗುರುವಾರ

ಬರೆಯಲು ಏನೂ ಇಲ್ಲ.

ಮಾರ್ಚ್ 1, ಶುಕ್ರವಾರ

ಇದೆ. ಎಲ್ಲರೂ ಮಾಡುತ್ತಾರೆ. ನನಗೆ ಕಲಿಸಿದವರೂ ಮಾಡಿದ್ದರು, ಅಮ್ಮ ಈರುಳ್ಳಿ ಹೊತ್ತು ತೀರಿಸಿದ್ದು ಅಂಥ ಮನೆಪಾಠದ ದುಡ್ಡನ್ನೇ. ಪಠ್ಯಪುಸ್ತಕದಲ್ಲಿ ಐದೂ ಕಾರಣ ಹತ್ತು ಪುಟದಲ್ಲಿ ಚೆದುರಿಬಿದ್ದಿವೆ, ಹೆಕ್ಕಿಕೊಳ್ಳಬೇಡಿ ಎಂದು ನಾನೇನೂ ಅಡ್ಡ ನಿಂತಿಲ್ಲ. ಇದನ್ನೆಲ್ಲ ರೊಫೈದಾಳಿಗೆ ಹೇಳಬಹುದಿತ್ತು.

ತರಗತಿಯಲ್ಲಿ ಮೂವತ್ತಾರು, ಮನೆಪಾಠದವರು ಹದಿನೇಳು. ಹತ್ತೊಂಬತ್ತು ಉಳಿಯುತ್ತಾರೆ. ಈ ಕಳೆಯುವ ಲೆಕ್ಕವನ್ನು ನಾನು ಯಾವತ್ತೂ ಮಾಡಿರಲಿಲ್ಲ, ಹದಿನೇಳನ್ನೇ ಎಣಿಸುತ್ತಿದ್ದೆ.

ಮಾರ್ಚ್ 3, ಭಾನುವಾರ

ಪರಿವೀಕ್ಷಣೆಗೆ ಮೂರು ದಿನ. ಹೋಗಿ ಬೋರ್ಡಿನ ಮೇಲೆ ಐದೂ ಕಾರಣ ಬರೆದೆ. ಯಾಕೆಂದು ನನ್ನನ್ನೇ ಕೇಳಿಕೊಳ್ಳಲಿಲ್ಲ, ಪರಿವೀಕ್ಷಕರಿಗೆ ಐದು ಹೇಳಿದರೆ ಚೆನ್ನ ಎಂದು ಇಟ್ಟುಕೊಳ್ಳೋಣ. ಮೊದಲ ಮೂರು ಅವರಿಗೆ ಗೊತ್ತಿದ್ದದ್ದೇ: ತೌಫೀಕನ ದ್ರೋಹ, ಸೈನ್ಯದೊಳಗಿನವರ ದ್ರೋಹ, ಇಂಗ್ಲಿಷರ ಬಲ. ನಾಲ್ಕನೆಯದು, ಉರಾಬಿ ಬಂಡಾಯಗಾರನೆಂದು ಖೆದಿವನಿಗೂ ಮೇಲಿನ ಒಡೆಯನಾದ ಸುಲ್ತಾನ ಸಾರಿದ್ದು. ಐದನೆಯದು, ಕಾಲುವೆಯಿಂದ ಇಂಗ್ಲಿಷರು ಬರುವುದಿಲ್ಲ ಎಂದು ಅದನ್ನು ತೋಡಿಸಿದ ಡಿ ಲೆಸೆಪ್ಸ್ ಕೊಟ್ಟ ಹುಸಿ ಮಾತನ್ನು ಉರಾಬಿ ನಂಬಿದ್ದು.

ಹದಿನೇಳು ಜನ ತಲೆ ತಗ್ಗಿಸಿದರು. ಹತ್ತೊಂಬತ್ತು ಜನ ಬರೆದುಕೊಂಡರು. ಸಬ್ರೀನ್ ಬರೆದು ಮುಗಿಸಿ ಕೈಯೆತ್ತಿದಳು.

"ಅಬ್ಲಾ, ಈ ಕೊನೇ ಎರಡು ಈ ವರ್ಷ ಹೊಸದಾಗಿ ಸೇರಿಸಿದ್ದಾ?"

ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಎಷ್ಟು ಹಗುರವಾಗುತ್ತಿತ್ತು. ನಾನು ಹೌದೆಂದು ತಲೆಯಾಡಿಸಿದರೆ ಮುಗಿಯಿತು, ಆ ಹುಡುಗಿ ನಂಬಿ ಕೂರುತ್ತಾಳೆ. ಮೊದಲ ಬೆಂಚಿನಿಂದ ರೊಫೈದಾ ನನ್ನ ತಲೆಯನ್ನೇ ನೋಡುತ್ತಿದ್ದಳು, ಅದು ಯಾವ ಕಡೆ ಆಡುತ್ತದೆ ಎಂದು.

ಬೋರ್ಡಿಗೆ ತಿರುಗಿ ಬರೆದೆ: ಹಳೆಯವೇ. ನಾನು ಹೇಳಿರಲಿಲ್ಲ. ತಪ್ಪು ನನ್ನದು.

ಬಳಪ ಮುರಿಯಿತು. ತರಗತಿಯಲ್ಲಿ ಅಂಥ ಮೌನವನ್ನು ನನ್ನ ಗಂಟಲು ಯಾವತ್ತೂ ತಂದಿರಲಿಲ್ಲ. ಆಮೇಲೆ ನಾಲ್ಕನೇ ಗುಂಪಿನ ಒಬ್ಬಳು, ಕಫ್ರ್ ಅಲ್-ದವ್ವಾರ್‌ನಲ್ಲಿ ಅಂಕ ಕಳೆದುಕೊಂಡವಳು, "ಹಂಗಾದ್ರೆ ನಮ್ಮ ಗುಂಪಿನ ಡಿ ಲೆಸೆಪ್ಸ್ ಇಲ್ಲೇ ಕೂತಿದಾಳೆ," ಎಂದು ರೊಫೈದಾಳ ಬೆನ್ನಿಗೆ ಪೆನ್ನಿನಿಂದ ತಿವಿದಳು. ಪತ್ರಿಕೆ ಕೈಗೆ ಬಂದ ದಿನವೇ ಅವರಿಗೆ ಗೊತ್ತಾಗಿದೆ. ಎಲ್ಲರೂ ನಕ್ಕರು. ರೊಫೈದಾಳ ಕಿವಿ ಕೆಂಪಾಯಿತು. ಯುದ್ಧದ ಉತ್ತರವನ್ನು ಪುಸ್ತಕ ತೆರೆದು ಯಾಕೆ ನೋಡಲಿಲ್ಲ ಎಂದು, ಅದೇ ತಪ್ಪು ಬರೆದಿದ್ದ ಸಬ್ರೀನಳಿಗೆ ಸ್ಲೇಟು ತೋರಿಸಿದೆ. "ರೊಫೈದಾ ಹೇಳಿದ ಮೇಲೆ ಪುಸ್ತಕ ಯಾಕೆ ಅಬ್ಲಾ," ಎಂದಳು. ಆಗ ರೊಫೈದಾ ಮುಖವನ್ನು ಕೈಯಿಂದ ಮುಚ್ಚಿಕೊಂಡಳು. ನನ್ನ 'ಏಕೆ' ಮಾಡದಿದ್ದುದನ್ನು ಆ ಮಾತು ಮಾಡಿತು.

ಮಾರ್ಚ್ 4, ಸೋಮವಾರ

ನಾಲ್ವರು ತಾಯಂದಿರು ಮನೆಗೆ ಬಂದಿದ್ದರು. ಎಲ್ಲರಿಗೂ ಹಂಚುವುದಾದರೆ ನಮ್ಮ ಮಕ್ಕಳು ನಿಮ್ಮ ಮೆಟ್ಟಿಲು ಯಾಕೆ ಹತ್ತಬೇಕು ಎಂದರು. ಸ್ಲೇಟು ತೋರಿಸಿ ಗಂಟಲು ತೋರಿಸಿದೆ. ವೈದ್ಯರ ಚೀಟಿ ಇಷ್ಟು ಉಪಯೋಗಕ್ಕೆ ಬರುತ್ತದೆಂದು ತಿಳಿದಿರಲಿಲ್ಲ. ಚಹಾ ಕುಡಿದು ಹೋದರು. ಮೂವರು ಇನ್ನು ಬರುವುದಿಲ್ಲ.

ಮಾರ್ಚ್ 6, ಬುಧವಾರ

ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಪರಿವೀಕ್ಷಕರು ಉಸ್ತಾದ್ ವಗ್ದಿ, ನಿವೃತ್ತಿಗೆ ಹತ್ತಿರದವರು, ಬೂದು ಕೋಟು. ಹಿಂದಿನ ಗೋಡೆಗೆ ಕುರ್ಚಿ ಹಾಕಿಸಿಕೊಂಡರು. ಪಕ್ಕದಲ್ಲಿ ಮೇಡಂ ಇಗ್ಲಾಲ್, ಕೈಯಲ್ಲಿ ತಸ್ಬೀಹ್ ಮಣಿ. ಪರಿವೀಕ್ಷಣೆಯ ದಿನಕ್ಕೆಂದು ನಾವೆಲ್ಲ ಹುಡುಗಿಯರಿಗೆ ಒಂದು ಉಪಾಯ ಕಲಿಸಿರುತ್ತೇವೆ: ಎಲ್ಲರೂ ಕೈಯೆತ್ತಬೇಕು, ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಈ ಸಲ ಅದನ್ನು ಹೇಳಿಕೊಡಲು ಮರೆತೇಹೋಗಿತ್ತು. ಪುನರಾವರ್ತನೆಯ ಚೂರು ಹಂಚಿದೆ, ಗುಂಪುಗಳು ಕೆಲಸಕ್ಕೆ ಇಳಿದವು. ತರಗತಿ ಜೇನುಗೂಡಿನ ಹಾಗೆ ಗುಂಯ್ಗುಟ್ಟಿತು. ಉಸ್ತಾದ್ ವಗ್ದಿ ಹತ್ತು ನಿಮಿಷ ನೋಡಿ, ಪಾಠ ಯಾವಾಗ ಶುರುವಾಗುತ್ತದೆ ಎಂದು ಮೇಡಂ ಇಗ್ಲಾಲ್ ಅವರನ್ನು ಕೇಳಿದರು.

ಆಮೇಲೆ ಎದ್ದು ಗುಂಪುಗಳ ನಡುವೆ ಬಂದರು. ಒಂದನೇ ಗುಂಪು ಹೇಳಿತು, ಆರನೇ ಗುಂಪು ಹೇಳಿತು. ನಾಲ್ಕರ ಹತ್ತಿರ ನಿಂತು ಸಬ್ರೀನಳನ್ನು ಎಬ್ಬಿಸಿದರು. ಅವಳ ಚಪ್ಪಲಿ ನೋಡಿ ಎಬ್ಬಿಸಿದರೆಂದು ನನ್ನ ಅನುಮಾನ. ಉರಾಬಿ ಸೋತದ್ದೇಕೆ ಎಂದು ಕೇಳಿದರು. ಸಬ್ರೀನ್ ಬೆರಳು ಮಡಚುತ್ತ ಐದೂ ಹೇಳಿದಳು. ಮೇಡಂ ಇಗ್ಲಾಲ್ ಮಣಿ ನಿಲ್ಲಿಸಿ ನನ್ನತ್ತ ಕಣ್ಣರಳಿಸಿದರು. ಉಳಿದುಕೊಂಡೆ ಎಂದುಕೊಂಡೆ.

ಉಸ್ತಾದ್ ವಗ್ದಿ ನಕ್ಕರು. "ಮೂವತ್ತು ವರ್ಷದಿಂದ ಕೇಳ್ತಾ ಇದೀನಿ ಮಗಳೇ. ಸರ್ಕಾರಿ ಬೆಂಚಿನ ಮೇಲೆ ಮೂರೇ ಕಾರಣ ಇರೋದು. ಐದು ಹೇಳೋಳು ಮನೆಪಾಠದೋಳು. ಯಾರ ಮನೆಗೆ ಹೋಗ್ತೀಯಾ?"

ಅಂದರೆ ಅವರಿಗೂ ಗೊತ್ತಿತ್ತು. ಮೂವತ್ತು ವರ್ಷವೂ ಗೊತ್ತಿತ್ತು.

"ಯಾರ ಮನೆಗೂ ಹೋಗಲ್ಲ ಉಸ್ತಾದ್," ಎಂದಳು ಸಬ್ರೀನ್. "ಇಲ್ಲೇ ಕಲ್ತಿದ್ದು. ಅಬ್ಲಾ ಮೊದ್ಲು ಮೂರು ಹೇಳಿದ್ರು. ಎರಡು ಇಟ್ಕೊಂಡಿದ್ದು ತಪ್ಪು ಅಂತ ಭಾನುವಾರ ಬೋರ್ಡ್ ಮೇಲೆ ಬರೆದ್ರು."

ನನ್ನನ್ನು ಹೊಗಳುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ಮುಖದಲ್ಲಿ ಹೆಮ್ಮೆಯಿತ್ತು.

ಮೇಡಂ ಇಗ್ಲಾಲ್ ಥಟ್ಟನೆ ಎದ್ದು, ಈ ಹುಡುಗಿ ಹಿಂದಿನ ಬೆಂಚಿನವಳು, ಏನೋ ಕಲಸಿಕೊಂಡು ಹೇಳುತ್ತಾಳೆ ಎಂದರು. ನನಗೆ ಪಾರಾಗಲು ಅಲ್ಲಿಯೇ ಏಣಿ ಇಟ್ಟುಕೊಟ್ಟರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಉಸ್ತಾದ್ ವಗ್ದಿಯೂ ಅದನ್ನೇ ಬಯಸಿದ್ದರೆಂದು ಕಾಣುತ್ತದೆ. ಅವರಿಗೆ ಮಧ್ಯಾಹ್ನದ ಊಟವಿತ್ತು. "ಕಲಸಿಕೊಂಡಿದ್ದಾಳಾ, ಅಬ್ಲಾ ತಹಾನಿ?" ಎಂದು ಕೇಳಿದರು. ಸಬ್ರೀನಳ ಮುಖದಿಂದ ಹೆಮ್ಮೆ ಇಳಿಯತೊಡಗಿತ್ತು. ಅವಳು ತನ್ನ ನೋಟ್‌ಬುಕ್ ತೆರೆದು, ತಾನು ಬರೆದುಕೊಂಡದ್ದು ಸರಿಯೇ ಎಂದು ನೋಡುತ್ತಿದ್ದಳು.

ಸ್ಲೇಟು ಮೇಜಿನ ಮೇಲಿತ್ತು, ಆರು ಹೆಜ್ಜೆ ದೂರ.

"ಇಲ್ಲ," ಎಂದೆ. "ಅವಳು ಹೇಳಿದ್ದು ಸರಿ."

ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಮರದ ಪೆಟ್ಟಿಗೆ ಎಳೆದ ಹಾಗಿತ್ತು. ನಾಲ್ಕು ದಿನ ಮೊದಲೇ ಬೀಗ ಒಡೆದೆ. ಮೂವತ್ತಾರು ಹುಡುಗಿಯರು ತಿರುಗಿ ನೋಡಿದರು.

ಮಾರ್ಚ್ 7, ಗುರುವಾರ

ಆದೇಶ ಬಂತು. ಪರಿವೀಕ್ಷಕರ ವರದಿಯಲ್ಲಿ ಎರಡು ಸಾಲು: ವಿದ್ಯಾರ್ಥಿನಿಯರ ಉತ್ತರ ಉತ್ತಮ, ಶಿಕ್ಷಕಿ ಅವಧಿಯುದ್ದಕ್ಕೂ ಪಾಠ ಮಾಡಲಿಲ್ಲ, ಕರ್ತವ್ಯಲೋಪವನ್ನು ತಾವೇ ಒಪ್ಪಿಕೊಂಡರು. ಸೋಮವಾರದಿಂದ ದಾಖಲೆ ಕೋಣೆ. ತರಗತಿ ಮಾಹಿತಾಬಳಿಗೆ.

ಮೇಡಂ ಇಗ್ಲಾಲ್ ಅತ್ತರು. "ಇಪ್ಪತ್ತೆರಡು ವರ್ಷ ಬಾಯಿ ಮುಚ್ಕೋ ಅಂದ್ರೆ ಮುಚ್ಚಲಿಲ್ಲ. ಮುಚ್ಚು ಅಂತ ಡಾಕ್ಟ್ರೇ ಹೇಳಿದಾಗ ತೆಗೆದ್ಯಲ್ಲೇ," ಎಂದರು.

ಮಾರ್ಚ್ 10, ಭಾನುವಾರ

ಗಂಟು ಕರಗಿದೆ, ಮಾತಾಡಬಹುದು ಎಂದರು ವೈದ್ಯರು. ನಡುವೆ ಬಾಯಿ ಬಿಟ್ಟಿರಾ ಎಂದು ಕೇಳಿದರು. ನಾಲ್ಕು ಪದ ಎಂದೆ. ಅಷ್ಟೇನೂ ಆಗುವುದಿಲ್ಲ ಎಂದರು. ಗಂಟಲಿನ ಮಟ್ಟಿಗೆ ಹೇಳಿದರು.

ಮಾರ್ಚ್ 12, ಮಂಗಳವಾರ

ರಂಜಾನಿನ ಎರಡನೇ ದಿನ, ಪಿರಿಯಡ್ಡುಗಳು ಚಿಕ್ಕವು. ದಾಖಲೆ ಕೋಣೆಯಲ್ಲಿ ಇಲಿ ಇಲ್ಲ, ಇದ್ದದ್ದು ಓಡಿಹೋಗಿರಬೇಕು, ತಿನ್ನಲು ಧೂಳೊಂದೇ. ನನ್ನ ತರಗತಿಗೂ ಈ ಕೋಣೆಗೂ ನಡುವೆ ಒಂದೇ ಇಟ್ಟಿಗೆಯ ಗೋಡೆ. ನಾನು ಅಲ್ಲಿ ಕೂಗುತ್ತಿದ್ದಾಗ ಇಲ್ಲಿ ಕೂರುತ್ತಿದ್ದ ಗುಮಾಸ್ತನಿಗೆ ಉರಾಬಿ ಬಾಯಿಪಾಠವಾಗಿದ್ದಿರಬೇಕು.

ಮಾಹಿತಾಬ್ ಮೊದಲ ದಿನವೇ ಫಲಕ ಇಳಿಸಿ, ನನಗೇ ತಂದುಕೊಟ್ಟಳು. ಈಗ ನಾಲ್ವರಲ್ಲಿ ಯಾರು ತಪ್ಪಿದರೂ ನಾಲ್ವರ ಅಂಕಕ್ಕೂ ಪೆಟ್ಟು. ಅವಳ ಅಕ್ಷರ ಬೋರ್ಡಿನ ಮೇಲೆ ಓರೆಯಾಗಿ ಹೋಗುತ್ತದೆ. ನೋಡಿದ್ದೇನೆ, ಹೇಳಬೇಕು.

ಇವತ್ತು ಇಂಗ್ಲಿಷರು ರೈತರನ್ನು ನೇಣಿಗೆ ಹಾಕಿದ ದಿನ್ಶವಾಯಿ ಹಳ್ಳಿಯ ಪಾಠ. ಗೋಡೆಗೆ ಕುರ್ಚಿ ತಾಗಿಸಿ ಕುಳಿತಿದ್ದೆ, ಅಲ್ಲಿ ತಂಪು ಎಂದು. ಒಂದೊಂದೇ ಧ್ವನಿ ಬಿಡಿಸಿ ಗುರುತು ಹಿಡಿದೆ, ಇಪ್ಪತ್ತೆಂಟರವರೆಗೆ ಸಿಕ್ಕವು. ಗೋಡೆಯ ಹತ್ತಿರ ಸಬ್ರೀನ್ ಯಾರಿಗೋ ಕಲಿಸುತ್ತಿದ್ದಳು. ಪಾರಿವಾಳ ಹೊಡೆಯಲು ಬಂದ ಇಂಗ್ಲಿಷ್ ಅಧಿಕಾರಿಗಳು, ಹೊತ್ತಿಕೊಂಡ ಕಣ, ನೇಣುಗಂಬ, ಎಲ್ಲ ಸರಿಯಾಗಿ ಹೇಳಿ, ಸಾವಿರದ ಒಂಬೈನೂರ ಏಳು ಎಂದಳು.

ಕುರ್ಚಿ ಬಿಟ್ಟು ಎದ್ದೆ. ಬಾಗಿಲವರೆಗೂ ಹೋದೆ. ಗಂಟಲು ಚೆನ್ನಾಗಿಯೇ ಇದೆ, ಇಲ್ಲಿಂದಲೇ ಒಂದು ಕೂಗು ಹಾಕಿದರೆ ಸಾಕಿತ್ತು.

"ಆರು ಕಣೇ, ಆರು," ಎಂದಳು ರೊಫೈದಾ ಗೋಡೆಯಾಚೆ. "ಏಳು ಅಂತ ಬರೆದ್ರೆ ನನ್ನ ಅಂಕಾನೂ ಹೋಗುತ್ತೆ. ಪುಸ್ತಕ ತೆಗಿ, ನಾನು ಹೇಳಿದೆ ಅಂತ ನಂಬಬೇಡ."

ಪುಟ ತಿರುವಿದ ಸದ್ದಾಯಿತು. ನಾನು ಬಂದು ಕುಳಿತು 1987ರ ಹಾಜರಿ ಪುಸ್ತಕದ ಧೂಳು ಒರೆಸಿದೆ.